ಮುನ್ನೂರೈವತ್ತರ ಮೊಲ

ಗಂಡನ ಬೈಕು ತಿರುವು ದಾಟಿದ್ದೇ ತಡ, ಅವಳು ಕೂದಲನ್ನು ಎತ್ತಿ ಕಟ್ಟಿ ಕಂಪ್ಯೂಟರಿನ ಮುಂದೆ ಯುದ್ಧಕ್ಕೆ ನಿಂತವಳಂತೆ ನಿಂತಳು.

"ಈ ಪರದೆಯ ಸೊಕ್ಕು ಇವತ್ತು ನಾನೇ ಇಳಿಸ್ತೀನಿ!"

ಈ ಘನಘೋರ ಪ್ರತಿಜ್ಞೆಗೆ ಸಾಕ್ಷಿ ಮೂರು ವರ್ಷದ ಮಗಳೊಬ್ಬಳೇ. ಎಚ್ಚರವಿದ್ದಷ್ಟು ಹೊತ್ತೂ ಏನಾದರೊಂದು ರಾಗ ಎಳೆಯುವ ಆ ಮಗುವಿಗೆ ಅಪ್ಪ ಇಟ್ಟ ಹೆಸರು ಪಿಟೀಲು.

"ಹೊಡಿ ಅಮ್ಮಾ!" ಎಂದಿತು ಪಿಟೀಲು.

ಹಳೆಯ ಪರದೆ ಕಣ್ಣು ಮುಚ್ಚಿದ ಮೇಲೆ ಗಂಡ ತಂದ ಹೊಸ ಪರದೆ ಅದು. ಗಾತ್ರದಲ್ಲಿ ಹಳೆಯದರಷ್ಟೇ, ಗತ್ತಿನಲ್ಲಿ ಮಾತ್ರ ನಾಲ್ಕು ಪಟ್ಟು! ಆನ್ ಮಾಡಿದರೆ ಅಕ್ಷರಗಳು ಸಕ್ಕರೆ ಡಬ್ಬಿಗೆ ಹೊರಟ ಇರುವೆ ಸಾಲು.

"ರೀ, ಏನ್ರೀ ಇದು?"

"ಇದ್ರಲ್ಲಿ ಚುಕ್ಕೆಗಳು ನಾಲ್ಕರಷ್ಟು. ಚುಕ್ಕೆ ಸಣ್ಣದಾದ್ರೆ ಅಕ್ಷರಾನೂ ಸಣ್ಣದಾಗುತ್ತೆ. ಆದ್ರೆ ನೋಡು, ಎಷ್ಟು ನುಣುಪು!" ಎಂದಿದ್ದ ಗಂಡ. ಜಮೀನು ಅಳೆಯುವ ಸರ್ವೇಯರ್ ಅವನು. ಅಳತೆಯ ಮಾತು ಬಂದರೆ ಎದೆ ಎರಡು ಇಂಚು ಉಬ್ಬುತ್ತಿತ್ತು.

"ನುಣುಪು ಇಟ್ಕೊಂಡು ಏನ್ಮಾಡ್ಲಿ? ಓದೋಕೆ ಇರುವೆನ ಕರೀಲಾ?"

"ಎಲ್ಲಾನೂ ದೊಡ್ಡದಾಗಿ ತೋರಿಸು ಅಂತ ಅದಕ್ಕೆ ಹೇಳಬೇಕು, ಅಷ್ಟೆ. ಸಂಜೆ ಬಂದು ಮಾಡ್ತೀನಿ. ನೀನು ಮಾತ್ರ ಮುಟ್ಟಬೇಡ."

ಮುಟ್ಟಬೇಡವಂತೆ!

ಸಂಜೆಯವರೆಗೆ ಕಾಯುವ ಹಾಗೂ ಇರಲಿಲ್ಲ. ಮಗು ಹುಟ್ಟಿದ ಮೇಲೆ ಅವಳ ಹೊಲಿಗೆ ಮೆಷಿನ್ನು ಒಗೆದ ಬಟ್ಟೆ ಗುಡ್ಡೆ ಹಾಕುವ ಮೇಜಾಗಿ ನಿವೃತ್ತಿ ಪಡೆದಿತ್ತು. ಮೂರು ವರ್ಷದ ನಂತರ ಸಿಗುತ್ತಿದ್ದ ಮೊದಲ ದೊಡ್ಡ ಕೆಲಸವೆಂದರೆ ಶಿಶುವಿಹಾರದ ನಾಟಕಕ್ಕೆ ಹನ್ನೆರಡು ಮೊಲದ ಟೋಪಿ, ಉದ್ದ ಕಿವಿ ಸಮೇತ. ನಾಲ್ಕು ಗಂಟೆಗೆ ಟೀಚರ್ ಮಾದರಿ ನೋಡಲು ಬರುತ್ತಾರೆ. ಒಪ್ಪಿದರೆ ಕೆಲಸ ಇವಳದು. ಒಪ್ಪದಿದ್ದರೆ ರೆಡಿಮೇಡ್ ಅಂಗಡಿಯದು.

ಸೆಟ್ಟಿಂಗ್ಸ್ ಎಂಬ ಗುಹೆಯಲ್ಲಿ ಅರ್ಧ ಗಂಟೆ ಅಲೆದಾಡಿದ ಮೇಲೆ ಶೇಕಡಾವಾರು ಅಂಕಿಗಳ ಪಟ್ಟಿ ಸಿಕ್ಕಿತು. ನೂರು, ನೂರಿಪ್ಪತ್ತೈದು, ನೂರೈವತ್ತು... ಕೊನೆಗೆ ಮುನ್ನೂರೈವತ್ತು! ಇನ್ನೂರನ್ನು ಒತ್ತಿದಳು. ಅಕ್ಷರಗಳು ಹಿಗ್ಗಿದವು. 'ಹೀಗೇ ಇರಲಾ?' ಎಂದು ಕೇಳಿ ಪರದೆ ಹದಿನೈದರಿಂದ ಕೆಳಕ್ಕೆ ಎಣಿಸತೊಡಗಿತು. ಅಷ್ಟರಲ್ಲಿ ಪಿಟೀಲಿನ ಬಾಯಲ್ಲಿ ಅಂಗಿಯ ಗುಂಡಿ! ಬೆರಳು ಹಾಕಿ ತೆಗೆದು ತಿರುಗಿದರೆ ಮತ್ತೆ ಇರುವೆ ಸಾಲು. ಇನ್ನೊಮ್ಮೆ ಒತ್ತಿದಳು. "ಅಮ್ಮಾ, ಉಚ್ಚೆ!" ಮತ್ತೆ ಇರುವೆ. ತಾಯಂದಿರಿಗೆ ಹದಿನೈದು ಸೆಕೆಂಡು ಗಡುವು ಕೊಡುವವನು ಯಾವ ಪುಣ್ಯಾತ್ಮನೋ!

ಮೂರನೇ ಸಲ ಮಗುವನ್ನು ಕಂಕುಳಲ್ಲಿ ಅದುಮಿಕೊಂಡು, ಹಲ್ಲು ಕಚ್ಚಿ, ಕಟ್ಟಕಡೆಯ ಅಂಕಿಗೇ ಬಾರಿಸಿದಳು. ಮುನ್ನೂರೈವತ್ತು! 'ಹೀಗೇ ಇರಲಾ?' ಎಂದದ್ದೇ ತಡ 'ಹೂಂ' ಒತ್ತಿದಳು. ಒಂದೊಂದು ಅಕ್ಷರವೂ ಕುಂಬಳಕಾಯಿ! ಪಕ್ಕದ ಮನೆಯವರು ಕನ್ನಡಕವಿಲ್ಲದೆ ಕಿಟಕಿಯಿಂದಲೇ ಓದಿಕೊಳ್ಳಬಹುದಿತ್ತು.

ಇನ್ನು ಟೋಪಿ. ಅವಳ ವಿಧಾನ ಸರಳ. ಕಂಪ್ಯೂಟರಿನಲ್ಲಿರುವ ಟೋಪಿಯ ನಕ್ಷೆಯನ್ನು ತೆರೆಯುವುದು, ಪರದೆಗೆ ಬಟರ್ ಪೇಪರ್ ಅಂಟಿಸುವುದು, ಪೆನ್ಸಿಲಿನಿಂದ ಗೆರೆ ಎಳೆದುಕೊಂಡು ಕತ್ತರಿಸುವುದು. ಹಳೆಯ ಪರದೆಯ ಕಾಲದಲ್ಲಿ ಈ ವಿಧಾನ ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಈ ಸಲ ಮಾತ್ರ ನಕ್ಷೆ ಒಂದೇ ಸಲಕ್ಕೆ ಪರದೆಯೊಳಗೆ ಹಿಡಿಸಲಿಲ್ಲ. ಜರುಗಿಸಿ ಜರುಗಿಸಿ ಗೆರೆ ಎಳೆದು ನಾಲ್ಕು ಹಾಳೆ ಜೋಡಿಸಬೇಕಾಯಿತು. 'ಹೊಸ ಪರದೆ, ಎಲ್ಲ ವಿವರವಾಗಿ ತೋರಿಸುತ್ತೆ' ಎಂದು ಹೆಮ್ಮೆಪಟ್ಟಳು. ಇದ್ದಬದ್ದ ಬಿಳಿ ಬಟ್ಟೆಯೆಲ್ಲ ಖರ್ಚಾದಾಗ 'ಮೊಲ ಅಂದ್ಮೇಲೆ ತುಂಬಿಕೊಂಡಿರಬೇಕು' ಎಂದುಕೊಂಡಳು. ಮೂರೂವರೆಗೆ ಕೊನೆಯ ದಾರ ಕಡಿದು ಮಗಳ ತಲೆಗೆ ತೊಡಿಸಿದಳು.

ಮಗಳು ಕಾಣೆಯಾದಳು!

ತಲೆ ಹೋಯಿತು, ಭುಜ ಹೋಯಿತು, ಸೊಂಟವೂ ಹೋಯಿತು. ಕೆಳಗೆ ಎರಡು ಪುಟ್ಟ ಕಾಲು, ಮೇಲೆ ಟವೆಲಿನಂಥ ಎರಡು ಕಿವಿ.

"ಅಮ್ಮಾ, ಬಾಗಿಲು ಎಲ್ಲಿದೆ?" ಎಂದಿತು ಒಳಗಿನಿಂದ ಪಿಟೀಲು.

ಸರಿಯಾಗಿ ಆಗಲೇ ಗಂಡನ ಫೋನು ಬರಬೇಕೆ!

"ಮುಟ್ಟಿಲ್ಲ ತಾನೇ?"

"ಏನನ್ನ? ...ರೀ, ಸುಮ್ನೆ ಕೇಳ್ತೀನಿ. ಅಕ್ಷರ ದೊಡ್ಡದು ಮಾಡಿದ್ರೆ, ಚಿತ್ರಗಳೂ ದೊಡ್ಡದಾಗ್ತವಾ?"

"ಎಲ್ಲಾನೂ ಆಗುತ್ತೆ. ಎಷ್ಟಕ್ಕೆ ಇಟ್ಟೆ?"

"ಮುನ್ನೂರೈವತ್ತು."

"ಅಷ್ಟು ದೊಡ್ಡದಾಗಿ ಏನೇ ನೋಡ್ತಿದೀಯ?"

"ಮೊಲ!" ಎಂದು ಫೋನು ಕುಕ್ಕಿದಳು.

ಮತ್ತೊಂದು ಹೊಲಿಯೋಣವೆಂದರೆ ಬಟ್ಟೆಯಿಲ್ಲ, ಸಮಯವಿಲ್ಲ. ಟೋಪಿಯನ್ನು ಬಚ್ಚಿಡೋಣವೆಂದರೆ ಅದು ಕಾಲು ಬಂದು ಮನೆಯೆಲ್ಲ ಓಡಾಡುತ್ತಿದೆ. ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಕದ ತೆರೆದದ್ದೇ ಟೋಪಿ ನೆಟ್ಟಗೆ ಹೋಗಿ ಟೀಚರ್ ಮೊಣಕಾಲಿಗೆ ಡಿಕ್ಕಿ ಹೊಡೆಯಿತು.

"ಅಯ್ಯಯ್ಯೋ! ಮೊಲ ಬಂತು, ಮಗು ಎಲ್ಲಿ?"

"ಒಳಗಿದೀನಿ!"

ಇನ್ನು ಮುಚ್ಚಿಡುವುದೇನು? ಇರುವೆ, ಕುಂಬಳಕಾಯಿ, ಬಟರ್ ಪೇಪರ್ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು. ಟೀಚರ್ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ನಗು ಇಳಿದ ಮೇಲೆ ಟೋಪಿಯನ್ನೇ ನೋಡುತ್ತ ಕುಳಿತರು. ಹೊಸಬರು ಬಂದರೆ ಅಮ್ಮನ ಬೆನ್ನ ಹಿಂದೆ ಅಡಗುವ ಪಿಟೀಲು ಟೋಪಿಯೊಳಗೆ ಥಕಥಕ ಕುಣಿಯುತ್ತಿತ್ತು, ಹಾಡು ಬೇರೆ!

"ನಮ್ಮ ಹನ್ನೆರಡರಲ್ಲಿ ಮೂರು ಮೊಲ ಜನರನ್ನ ಕಂಡ್ರೆ ಓ ಅಂತ ಅಳ್ತವೆ," ಎಂದರು ಟೀಚರ್ ಮೆತ್ತಗೆ. "ಅವಕ್ಕೆ ಇಂಥದ್ದೇ ಇರ್ಲಿ. ಕಣ್ಣಿಗೆ ಮಾತ್ರ ಎರಡು ತೂತು ಬಿಡಿ. ಉಳಿದ ಒಂಬತ್ತು ತಲೆಗೆ ಸರಿಯಾಗಿರ್ಲಿ. ಹನ್ನೆರಡೂ ನೀವೇ ಹೊಲೀರಿ."

ಖುಷಿಯಲ್ಲಿ ಅವಳಿಗೆ ನೆಲವೇ ಕಾಣಲಿಲ್ಲ. "ಈಗಿಂದೀಗ್ಲೇ ಪರದೇನ ಇನ್ನೂರಕ್ಕೆ ಇಳಿಸ್ತೀನಿ ಟೀಚರ್! ಇನ್ನೂರು ಜಾಸ್ತಿಯಾದ್ರೆ ನೂರೆಪ್ಪತ್ತೈದು! ಒಂದೊಂದಾಗಿ ಹೊಲಿದು ನೋಡಿದ್ರೆ ಯಾವುದಾದ್ರೂ ಒಂದು ತಲೆಗೆ ಕೂತೇ ಕೂರುತ್ತೆ!"

ಹೊಸ್ತಿಲು ದಾಟಿದ್ದ ಟೀಚರ್ ನಿಂತು ಹಿಂದಿರುಗಿ ನೋಡಿದರು.

"ಅಲ್ಲಮ್ಮಾ, ತಲೆಗಳೆಲ್ಲ ಶಾಲೇಲೇ ಇರ್ತವೆ, ನಾಳೆ ಬಂದು ಅಳೀಬಹುದಲ್ವಾ? ಕುತ್ತಿಗೇಲಿ ಟೇಪು ನೇತು ಹಾಕ್ಕೊಂಡಿದೀರಲ್ಲ... ಅದೇನು ಬರೀ ಅಲಂಕಾರಕ್ಕಾ?"