ರೋಮಿನ ನಾತಾಳ, ಬಬಲೇಶ್ವರದ ಚರಗ

ಪರದೇಶಕ್ಕೆ ಹೋಗಿ ಬಂದವನಿಂದ ಊರು ಎರಡರಲ್ಲಿ ಒಂದನ್ನು ಬಯಸುತ್ತದೆ: ಟ್ರಂಕು ತುಂಬ ಸಾಮಾನು, ಇಲ್ಲವೇ ಒಂದು ಚಳಿಗಾಲಕ್ಕೆ ಸಾಲುವಷ್ಟು ಕತೆ. ದಂಡಿನ ಚಾಕರಿ ಮುಗಿಸಿಕೊಂಡು ನಾನು ವಿಜಾಪುರ ಸ್ಟೇಷನ್ನಿನಲ್ಲಿ ಇಳಿದಾಗ ನನ್ನ ಹತ್ತಿರ ಇದ್ದದ್ದು ಎರಡು ಉಣ್ಣೆಯ ಕಂಬಳಿ, ಒಂದು ತಗಡಿನ ಮಗ್ಗು ಮತ್ತು ಚಳಿ ಹೊಕ್ಕ ಮೊಣಕಾಲು. ಸಾಮಾನು ಇಲ್ಲವೆಂಬುದು ಒಂದೇ ದಿನದಲ್ಲಿ ಎಲ್ಲರಿಗೂ ತಿಳಿಯಿತು. ಆದ್ದರಿಂದ ಎಲ್ಲರೂ ಕತೆಯ ಮೇಲೆ ಬಿದ್ದರು. ಅದಕ್ಕೆ ಕಾರಣವೂ ಇತ್ತು. ಯುದ್ಧದ ದಯೆಯಿಂದ ನಾನು ಒಂದು ನಾತಾಳವನ್ನು ರೋಮಿನಲ್ಲಿ, ಮರುವರ್ಷದ ನಾತಾಳವನ್ನು ಅಥೆನ್ಸಿನಲ್ಲಿ ಕಳೆದಿದ್ದೆ. ಕ್ರಿಸ್‌ಮಸ್ಸಿಗೆ ನಮ್ಮ ಕಡೆ ನಾತಾಳ ಎನ್ನುತ್ತಾರೆ. ಆ ಹಬ್ಬ ಹೇಗಿರುತ್ತದೆಂದು ಹೆಚ್ಚಿನವರಿಗೆ ಗೊತ್ತಿಲ್ಲ. ನಾತಾಳ ಸೂಟಿ ಮಾತ್ರ ಎಲ್ಲರಿಗೂ ಗೊತ್ತು. ಸಾಲಿ ಮುಚ್ಚುತ್ತದೆ, ಕೋರ್ಟು ಮುಚ್ಚುತ್ತದೆ, ವಕೀಲರು ಒಂದು ವಾರ ಕಣ್ಣಿಗೆ ಬೀಳುವುದಿಲ್ಲ. ಇಷ್ಟೆಲ್ಲ ಮುಚ್ಚಿಸುವ ಹಬ್ಬ ತನ್ನ ಸ್ವಂತ ರಾಜಧಾನಿಗಳಲ್ಲಿ ಎಷ್ಟು ಜೋರಿರಬೇಡ ಎಂದು ಜನ ಲೆಕ್ಕ ಹಾಕಿದ್ದರಲ್ಲಿ ತಪ್ಪೇನೂ ಇಲ್ಲ.

ತಪ್ಪು ನನ್ನದು. ನಾನು ಏನನ್ನೂ ನೋಡಿರಲಿಲ್ಲ. ನಾನು ಬಂದೂಕು ಹಿಡಿದ ಸಿಪಾಯಿಯಲ್ಲ, ಒಂದು ಲಾರಿ ಕಂಪನಿಯ ಅಡಿಗೆಮನೆಯ ಉಗ್ರಾಣದವನು. ರೋಮಿನಲ್ಲಿ ನನ್ನ ಕಣ್ಣಿಗೆ ಹೆಚ್ಚಾಗಿ ಬಿದ್ದದ್ದು ಆಲೂಗಡ್ಡೆಯ ಚೀಲಗಳು. ಯುದ್ಧ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಊರಿಗೆ ಊರೇ ಕತ್ತಲು. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ನಾತಾಳದ ದಿನ ನಮ್ಮ ಗೋರಾ ಸಾಹೇಬರು ತಮ್ಮ ಕೈಯಾರೆ ಸಿಪಾಯಿಗಳಿಗೆ ಬಡಿಸುವ ಪದ್ಧತಿ ಉಂಟೆಂದು ಹೇಳಿ ಸೌಟು ಹಿಡಿದು ನಿಂತರು. ವರ್ಷವಿಡೀ ಬೈದ ಸಾಹೇಬ ತಾಟಿಗೆ ಶಿರಾ ಹಾಕಿ ಮುಖ ನೋಡುತ್ತ ನಿಂತರೆ ಗಂಟಲಲ್ಲಿ ಇಳಿಯುತ್ತದೆಯೇ? ಎಲ್ಲರೂ ಪರೀಕ್ಷೆಗೆ ಕೂತವರ ಹಾಗೆ ಉಂಡು ಎದ್ದೆವು. ಇನ್ನು ಅಥೆನ್ಸಿನಲ್ಲಿ ನನಗೆ ಮಂಗನಬಾವು ಆಗಿ ಎರಡೂ ಕಡೆ ಗದ್ದ ಬಾತು, ನಾತಾಳದ ವಾರವನ್ನು ಆಸ್ಪತ್ರೆಯ ಛಾವಣಿ ನೋಡುತ್ತ ಕಳೆದೆ. ಛಾವಣಿ ಬಿಳಿಯದಿತ್ತು. ರೋಮಿನಲ್ಲಿ ಒಬ್ಬ ಮುದುಕಿ ನಾತಾಳದ ಹಿಂದಿನ ರಾತ್ರಿ ನನ್ನನ್ನೂ ನನ್ನ ಜೊತೆಗಾರ ಹೊನವಾಡದ ಮಲಕಪ್ಪನನ್ನೂ ಊಟಕ್ಕೆ ಕರೆದಿದ್ದಳು ಎಂಬುದು ನಿಜ. ಆದರೆ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕರೆದ ಮನೆಯಲ್ಲಿ ಬೈಸಿಕೊಂಡು ಬಂದದ್ದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ನನ್ನ ಊರು ತಿಕೋಟಾದಲ್ಲಿ ನಮ್ಮವ್ವ ಈ ವಿಷಯದಲ್ಲಿ ಬಲು ಸುಲಭದವಳು. ಅಲ್ಲಿ ಹೊಟ್ಟೆ ತುಂಬ ಹಾಕುತ್ತಿದ್ದರೇ ಎಂದು ಕೇಳಿದಳು, ಹಾಕುತ್ತಿದ್ದರು ಎಂದೆ. ಯುರೋಪು ಅಲ್ಲಿಗೆ ಮುಗಿಯಿತು. ಫಜೀತಿ ಶುರುವಾದದ್ದು ವಿಜಾಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಬಾಜು ಒಂದು ಬಾಡಿಗೆ ಮನೆ ಹಿಡಿದು ನಾನೂ ನನ್ನ ಹೆಂಡತಿ ನೀಲವ್ವನೂ ಸಂಸಾರ ಹೂಡಿದ ಮೇಲೆ. ನೀಲವ್ವನ ತವರು ಬಬಲೇಶ್ವರ. ಅವಳ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ ಗುರುಪಾದಪ್ಪ, ಮುಂಬಯಿಯಲ್ಲಿ ಒಂದು ಕಂಪನಿಯ ಗುಮಾಸ್ತ. ಅವನ ಸಾಹೇಬನ ಬಂಗಲೆಯಲ್ಲಿ ನಾತಾಳಕ್ಕೆ ಕುಂಡದಲ್ಲಿ ಒಂದು ಗಿಡ ನಿಲ್ಲಿಸಿ, ಅದರ ತುಂಬ ಬಣ್ಣದ ದೀಪ ತೂಗಿಸಿ, ಬಂದವರಿಗೆಲ್ಲ ಕೇಕು ಕೊಡುತ್ತಾರಂತೆ. ಗುರುಪಾದಪ್ಪ ಈ ಗಿಡವನ್ನು ವರ್ಷವರ್ಷವೂ ಬಬಲೇಶ್ವರಕ್ಕೆ ತಂದು ಮಾತಿನಲ್ಲಿ ನೆಡುತ್ತಿದ್ದ. ನಾನು ಇಲ್ಲದ ವರ್ಷಗಳಲ್ಲಿ ಅದು ಚೆನ್ನಾಗಿ ಬೇರು ಬಿಟ್ಟಿತ್ತು.

ಗಿಡದಿಂದ ನನಗೇನೂ ತೊಂದರೆಯಿರಲಿಲ್ಲ. ಆದರೆ ನಾತಾಳದ ಹಿಂದುಮುಂದೆಯೇ ನಮ್ಮ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬರುತ್ತದೆ. ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಉಣ್ಣುವ ಮೊದಲು ಅಡಿಗೆಯನ್ನೆಲ್ಲ ಬುಟ್ಟಿಯಲ್ಲಿ ಕಲಸಿ, ಹುಲ್ಲುಲ್ಲಿಗೋ ಎಂದು ಕೂಗುತ್ತ ಹೊಲದ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣಿಸಬೇಕು. ಅದೇ ಚರಗ. ಒಬ್ಬ ಬುಟ್ಟಿ ಹಿಡಿದು ಚೆಲ್ಲುತ್ತಾನೆ, ಇನ್ನೊಬ್ಬ ಹಿಂದಿನಿಂದ ತಂಬಿಗೆಯ ನೀರು ಚಿಮುಕಿಸುತ್ತಾನೆ. ನಮ್ಮ ಮಾವ ಸಂಗಪ್ಪನವರಿಗೆ ಗಂಡುಮಕ್ಕಳಿಲ್ಲ. ಮೊಣಕಾಲು ಸೋತ ಮೇಲೆ ಬುಟ್ಟಿಯನ್ನು ಅಳಿಯನಿಗೆ ಕೊಡುತ್ತ ಬಂದಿದ್ದರು. ಅಳಿಯ ಎಂದರೆ ಗುರುಪಾದಪ್ಪ, ಅವನ ಗಿಡದ ಕತೆಗೆ ಮಾವ ಸೋತುಹೋಗಿದ್ದರು. ಈ ವರ್ಷವಾದರೂ ಬುಟ್ಟಿ ತನ್ನ ಗಂಡನ ಕೈಗೆ ಬರಬೇಕೆಂದು ನೀಲವ್ವನ ಹಟ. ನಾನು ದಂಡಿನಲ್ಲಿದ್ದಾಗ ಪ್ರತಿ ಎಳ್ಳಮಾಸಿಗೂ ಅವಳು ಅಕ್ಕನ ಗಂಡನ ಹಿಂದೆ ನಡೆದಿದ್ದಳು. ಹೊಲದ ಬದುವಿನ ಮೇಲೆ ಹೆಣ್ಣುಮಕ್ಕಳು, ನೀಲವ್ವನ ಗಂಡ ಬಂದಾನೋ ಇಲ್ಲವೋ ಎಂದು ಅವಳಿಗೆ ಕೇಳುವಂತೆಯೇ ಮಾತಾಡಿಕೊಂಡಿದ್ದರಂತೆ. ಅದನ್ನು ಅವಳು ನನಗೆ ಒಂದೇ ಸಲ ಹೇಳಿದಳು. ಆಗಲೇ ನಾನು, ಗಿಡ ಅಲ್ಲ ಬೇಕಾದರೆ ಅಡವಿಯನ್ನೇ ನೆಡುತ್ತೇನೆ ಎಂದು ಒಪ್ಪಿಕೊಂಡೆ.

ಹೀಗೆ ತಾಲೀಮು ಶುರುವಾಯಿತು. ಸಂಜೆ ಅವಳು ರೊಟ್ಟಿ ಬಡಿಯುವುದು, ನಾನು ಒಲೆಯ ಮುಂದೆ ಕೂತು ರೋಮನ್ನು ಒಪ್ಪಿಸುವುದು. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಅವಳ ಕೈ ನಿಂತುಬಿಡುತ್ತಿತ್ತು.

"ಖರೇ ಹೇಳ್ರಿ, ಅಷ್ಟು ದೊಡ್ಡ ರೋಮಿನ್ಯಾಗ ಒಂದು ದೀಪರೆ ಇರಲಿಲ್ಲೇನು?" ಎಂದಳು ಒಂದು ದಿನ.

ಯುದ್ಧವಿತ್ತು, ಬೀಡಿಯ ಕಿಡಿಯನ್ನೂ ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದೆವು ಎಂದೆ. ಹಬ್ಬದ ದಿನ ಒಂದು ಪಣತಿ ಹಚ್ಚಿದರೆ ಯಾವ ಯುದ್ಧ ಸೋಲುತ್ತದೆ ಎಂಬುದು ಅವಳ ವಾದ. ಸರಿ, ಒಂದು ಪಣತಿ ಕೊಟ್ಟೆ. ಮರುದಿನ ಅದು ಸಾಲುದೀಪವಾಯಿತು. ಆ ವಾರ ಮುಗಿಯುವಷ್ಟರಲ್ಲಿ ರೋಮಿನ ಬೀದಿಗಳಲ್ಲಿ ಹಗಲಿಗಿಂತ ಬೆಳಕು ಹೆಚ್ಚಾಗಿ, ನನ್ನ ತಾಟಿಗೆ ಶಿರಾ ಹಾಕಿದವನು ಸಾಹೇಬ ಹೋಗಿ ರಾಜನೇ ಆಗಿದ್ದ. ರಾಜನನ್ನು ಮಾತ್ರ ನಾನು ಒಪ್ಪಲಿಲ್ಲ. ಕೊನೆಗೆ ರಾಜನ ಕಡೆಯ ಒಬ್ಬ ದಿವಾನ ಎಂದು ಇಬ್ಬರೂ ರಾಜಿಗೆ ಬಂದೆವು. ಅಥೆನ್ಸಿನ ವಿಷಯಕ್ಕೆ ಅವಳು ಕೈ ಹಾಕಲಿಲ್ಲ. ಬಾತ ಗದ್ದದಿಂದ ಏನೂ ಕಟ್ಟಲಾಗುವುದಿಲ್ಲ ಎಂದು ಅವಳಿಗೂ ಅನಿಸಿರಬೇಕು.

ಎಳ್ಳಮಾಸಿಯ ಹಿಂದಿನ ದಿನ ಇದ್ದಿಲಿನ ಗ್ಯಾಸಿನ ಮೇಲೆ ಓಡುವ ಮೋಟಾರಿನಲ್ಲಿ ಬಬಲೇಶ್ವರ ಮುಟ್ಟಿದೆವು. ಏರು ಬಂದಲ್ಲಿ ಇಳಿದು ನೂಕಿದೆವು. ನೂಕುವಾಗಲೂ ನಾನು ಬಾಯಲ್ಲಿ ದಿವಾನನನ್ನು ಉರು ಹೊಡೆಯುತ್ತಿದ್ದೆ. ಮರುದಿನ ಹೊಲದಲ್ಲಿ ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಬಳಿದು ಅತ್ತೆ ಪೂಜೆಗೆ ಅಣಿ ಮಾಡುತ್ತಿದ್ದರು. ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯದ ವಾಸನೆಗೆ ಎಲ್ಲರ ಹೊಟ್ಟೆಯೂ ಕೂಗುತ್ತಿತ್ತು. ಗುರುಪಾದಪ್ಪ ತನ್ನ ಗಿಡ ನೆಟ್ಟು ಮುಗಿಸಿದ. ಮಾವ ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ, ಮತ್ತು ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಹೇಳಿದೆ. ಬೀದಿಗೆ ಬೀದಿ ಬೆಳಗಿದೆ, ದಿವಾನನ ಕೈಯಿಂದ ಬಡಿಸಿಕೊಂಡೆ, ತಾಲೀಮಿನಲ್ಲಿ ಇಲ್ಲದ ಒಂದು ಆನೆಯನ್ನೂ ಹೊರಡಿಸಿದೆ. ಗುರುಪಾದಪ್ಪನ ಕುಂಡದ ಗಿಡ ಕಣ್ಣೆದುರೇ ಬಾಡಿತು. ಬದುವಿನ ಹೆಣ್ಣುಮಕ್ಕಳ ನಡುವೆ ನೀಲವ್ವ ತಲೆಯ ಸೆರಗನ್ನು ಸುಮ್ಮಸುಮ್ಮನೆ ಸರಿಮಾಡಿಕೊಳ್ಳುತ್ತಿದ್ದಳು. ಮಾವನವರ ಕೈ ಬುಟ್ಟಿಯ ಕಡೆ ಹೋಯಿತು.

ಹೋದ ಕೈ ಅಲ್ಲೇ ನಿಂತಿತು. "ತಡೀರಿ, ನಮ್ಮ ಸಾಕ್ಷಿ ಬಂದ" ಎಂದರು. ಹಿಂದಿನ ಸಂತೆಯಲ್ಲಿ ಅವರಿಗೆ ಹೋರಿ ಕೊಳ್ಳಲು ಬಂದ ಒಬ್ಬನ ಪರಿಚಯವಾಗಿತ್ತಂತೆ. ಅವನೂ ರೋಮಿನಲ್ಲಿದ್ದವನೆಂದು ತಿಳಿದು, ಕಿರಿಯ ಅಳಿಯನ ದೊಡ್ಡಸ್ತಿಕೆಯನ್ನು ನಾಲ್ಕು ಮಂದಿಯ ಮುಂದೆ ಇನ್ನಷ್ಟು ಎತ್ತಿ ಹಿಡಿಯಲೆಂದು ಊಟಕ್ಕೆ ಕರೆದಿದ್ದರು. ಬದುವಿನ ಮೇಲೆ ನಗುತ್ತ ಬರುತ್ತಿದ್ದವನು ನನ್ನ ಜೊತೆಗಾರ ಮಲಕಪ್ಪ. ಅವನು ಒಳ್ಳೆಯ ಮನುಷ್ಯ. ಅವನ ದೋಷ ಒಂದೇ, ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುತ್ತಾನೆ. ನಾನು ಕಣ್ಣು ಮಿಟುಕಿಸಿದೆ. ಕಣ್ಣಲ್ಲಿ ಏನಾದರೂ ಬಿತ್ತೇ ಎಂದು ಕೇಳಿದ. ಮಾವ ರೋಮಿನ ದೀಪಗಳ ಮಾತು ತೆಗೆದರು.

"ದೀಪ ಎಲ್ಲಿ ಬಂತ್ರೀ ಯಪ್ಪಾ?" ಎಂದ ಮಲಕಪ್ಪ. "ಕೈಯಾಗಿನ ರೊಟ್ಟಿ ಕಾಣತಿರಲಿಲ್ಲ. ಆ ಮುದಿಕಿ ಮನಿ ಸುದ್ದಿ ಇಂವ ಹೇಳಿಲ್ಲೇನು?"

ಇನ್ನು ತಡೆಯುವುದು ನನ್ನ ಕೈಲಿರಲಿಲ್ಲ. ಅವನು ಎಲ್ಲವನ್ನೂ ಹೇಳಿದ. ನಮ್ಮ ಬಿಡಾರದ ಪಕ್ಕದ ಮುದುಕಿಗೆ ನಾವು ನಮ್ಮ ಪಾಲಿನ ಹಿಟ್ಟು ಕೊಟ್ಟದ್ದು, ಅದರಲ್ಲೇ ರೊಟ್ಟಿ ಸುಟ್ಟು ಅವಳು ನಮ್ಮನ್ನು ಕರೆದದ್ದು. ಆ ರಾತ್ರಿ ಅವರಲ್ಲೂ ಮಾಂಸ ಮುಟ್ಟುವುದಿಲ್ಲ. ನಾವು ಎಂದೂ ಮುಟ್ಟುವುದಿಲ್ಲ ಎಂದು ತಿಳಿದು ಅವಳಿಗೆ ಸಂತೋಷವಾಗಿತ್ತು. ಆ ವರ್ಷದ ಎಳ್ಳಮಾಸಿ ನಮಗೆ ಲಾರಿಯಲ್ಲೇ ಕಳೆದಿತ್ತು, ಚರಗ ಚೆಲ್ಲಿರಲಿಲ್ಲ. ಅವಳ ಹಿತ್ತಲಲ್ಲಿ ನಾಲ್ಕು ಮಡಿ ಕಾಯಿಪಲ್ಲೆ ಕಂಡ ಮಲಕಪ್ಪನಿಗೆ ಕೈ ಕಡಿಯಿತು. ನಮಗೆ ಬಡಿಸಿದ ರೊಟ್ಟಿ, ಬೇಯಿಸಿದ ಕಾಳು ಕಲಸಿ, ಹುಲ್ಲುಲ್ಲಿಗೋ ಎಂದು ಕೂಗುತ್ತ ಮಡಿಗಳ ಸುತ್ತ ಚೆಲ್ಲಿದ. ನಾನು ಹಿಂದಿನಿಂದ ನೀರು ಚಿಮುಕಿಸಿದೆ. ಮುದುಕಿ ಚೀರುತ್ತ ಹೊರಗೆ ಬಂದಳು. ಬಾಯಿಗೆ ಬಂದಂತೆ ಬೈಯುತ್ತ, ಮಂಡಿಯೂರಿ, ಆ ಕತ್ತಲಲ್ಲಿ ಕೈಯಾಡಿಸಿ ಒಂದೊಂದೇ ತುಣುಕನ್ನು ಮಣ್ಣು ಒರಸಿ ಉಡಿಯಲ್ಲಿ ಹಾಕಿಕೊಂಡಳು. ಒಳಗೆ ಅವಳ ಮೊಮ್ಮಕ್ಕಳು ಆ ರೊಟ್ಟಿಗೇ ಕಾದಿದ್ದರು. ಮಲಕಪ್ಪ ನೆಲವನ್ನು ತೋರಿಸಿ, ಬಾಯಿಯನ್ನು ತೋರಿಸಿ, ಕೈ ಮುಗಿದ. ಮುದುಕಿ ಉಡಿಯಿಂದ ಒಂದೇ ಒಂದು ಚೂರು ತೆಗೆದು ಮಡಿಯ ಅಂಚಿನಲ್ಲಿ ತಾನೇ ಇಟ್ಟು ಒಳಗೆ ಹೋದಳು.

ಬನ್ನಿಗಿಡದ ಕೆಳಗೆ ನಾನು ಆನೆಯ ಬಗ್ಗೆ ಯೋಚಿಸುತ್ತಿದ್ದೆ. ಅತ್ತೆ ಪೂಜೆಯ ಕಡೆಯಿಂದ ತಿರುಗಿ, "ಆಕಿ ಉಂಡಳೇನಪಾ?" ಎಂದು ಕೇಳಿದರು. ಮಲಕಪ್ಪ ತಲೆ ಕೆಳಗೆ ಹಾಕಿದ. ಅತ್ತೆ ಬುಟ್ಟಿಯ ಮೇಲೆ ಇನ್ನೊಂದು ಹೋಳಿಗೆ ಮುರಿದು ಹಾಕಿ, ಇದು ಆ ಮುದುಕಿಯ ಹೆಸರಿನದು ಎಂದು ಹೇಳಿ, ಬುಟ್ಟಿಯನ್ನು ಸೀದಾ ಮಲಕಪ್ಪನ ಕೈಗೆ ಕೊಟ್ಟರು. ಗುರುಪಾದಪ್ಪನಿಗೆ ಏನೂ ಸಿಗಲಿಲ್ಲ. ನನಗೆ ನೀರಿನ ತಂಬಿಗೆ ಸಿಕ್ಕಿತು. ರೋಮಿನಲ್ಲಿ ಹಿಡಿದಿದ್ದೂ ಅದನ್ನೇ, ಆದ್ದರಿಂದ ಅಭ್ಯಾಸವಿತ್ತು.

ತಿರುಗಿ ಬರುವಾಗ ಮೋಟಾರಿನಲ್ಲಿ ಆನೆಗೆ ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ, ಆದರೆ ನೀಲವ್ವ ಆನೆಯ ಬಗ್ಗೆ ಕೇಳಲಿಲ್ಲ. ಇಬ್ರಾಹಿಂಪುರದ ಮನೆಯ ಕೀಲಿ ತೆಗೆಯುತ್ತ ಹೇಳಿದಳು: "ನಾ ದೀಪ ಕೇಳಿದೆ, ನೀವು ದೀಪ ಕೊಟ್ರಿ. ಆ ಮುದಿಕಿನ್ನ ಮುಚ್ಚಿಡಂತ ನಿಮಗ ಯಾರು ಹೇಳಿದ್ರು?" ಬೈಸಿಕೊಂಡದ್ದಷ್ಟೇ ನನಗೆ ನೆನಪಿತ್ತು. ಆ ಒಂದು ಚೂರು ರೊಟ್ಟಿಯನ್ನು ನಾನೂ ಕಂಡಿದ್ದೆ, ಆದರೂ ಕಂಡಿರಲಿಲ್ಲ. ಅವತ್ತು ನನ್ನ ಬಗ್ಗೆ ನನಗೇ ಬೇಸರವಾಯಿತು.

ನಾಲ್ಕು ದಿನ ಬಿಟ್ಟು, ನೀರಿಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲವೆಂದು ನಳದ ಕಡೆ ನಡೆದೆ. ನೀಲವ್ವ ಕೊಡ ಕೆಳಗಿಟ್ಟು ಓಣಿಯ ಹೆಣ್ಣುಮಕ್ಕಳಿಗೆ ರೋಮಿನ ನಾತಾಳ ಹೇಳುತ್ತಿದ್ದಳು. ದೀಪ ಇರಲಿಲ್ಲ, ದಿವಾನ ಇರಲಿಲ್ಲ, ಆನೆಯೂ ಇರಲಿಲ್ಲ. ಕತ್ತಲಿತ್ತು, ಮುದುಕಿಯಿದ್ದಳು, ನಾಲ್ಕು ಮಡಿ ಕಾಯಿಪಲ್ಲೆ ಇತ್ತು. ಎಲ್ಲ ಇದ್ದದ್ದು ಇದ್ದ ಹಾಗೆಯೇ ಇತ್ತು. ಒಂದೇ ಒಂದು ಬದಲಾವಣೆ. ಚರಗದ ಬುಟ್ಟಿ ನನ್ನ ಕೈಯಲ್ಲಿತ್ತು, ನೀರಿನ ತಂಬಿಗೆ ಮಲಕಪ್ಪನ ಕೈಯಲ್ಲಿ. ತಿದ್ದಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮುದುಕಿ ಮಂಡಿಯೂರಿ ರೊಟ್ಟಿ ಆರಿಸುವ ಜಾಗ ಬಂತು, ಹೆಣ್ಣುಮಕ್ಕಳೆಲ್ಲ ಅವಳ ಹತ್ತಿರ ಸರಿದರು. ನಾನು ತಿದ್ದುವುದನ್ನು ಬಿಟ್ಟು, ಅವಳ ನೀರಿನ ಕೊಡ ಎತ್ತಿಕೊಂಡೆ.