ಗಿಟಾರಿಗೆ ಇಟ್ಟ ಬೊಟ್ಟು

ಲೇಬಲ್ಲಿನ ಮೇಲೆ ಏನು ಬರೆದಿದೆಯೋ ಡಬ್ಬದೊಳಗೂ ಅದೇ ಇರುತ್ತದೆ ಎಂದು ಕಣ್ಣು ಮುಚ್ಚಿ ನಂಬುವ ಮನುಷ್ಯ ನಾನು. ಇದು ಹುಟ್ಟುಗುಣವಲ್ಲ, ನಂಜನಗೂಡಿನ ಪಕ್ಕದ ತಾಂಡ್ಯದ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ಸ್ಟೋರ್ ಕೀಪರ್ ಆಗಿ ಅಂಟಿಸಿಕೊಂಡ ರೋಗ. ನನ್ನ ಹೆಂಡತಿ ಸರೋಜಳಿಗೆ ಈ ರೋಗವಿಲ್ಲ. ಒಮ್ಮೆ ಅಡುಗೆಮನೆಯ ಡಬ್ಬಗಳಿಗೆಲ್ಲ ನಾನೇ ಕೂತು ಹೆಸರು ಬರೆದು ಅಂಟಿಸಿದ್ದೆ. ವಾರ ಕಳೆಯುವುದರೊಳಗೆ ‘ಸಕ್ಕರೆ’ ಡಬ್ಬಕ್ಕೆ ಉಪ್ಪು ಬಂದಿತ್ತು. ಆ ಕಾಫಿ ಕುಡಿದೂ ನನಗೆ ಬುದ್ಧಿ ಬರಲಿಲ್ಲ.

ಐವತ್ತೆರಡನೆಯ ವಯಸ್ಸಿಗೆ ಗಿಟಾರು ಕಲಿಯುವ ಹುಚ್ಚು ಏಕೆ ಹತ್ತಿತೆಂದು ಕೇಳಬೇಡಿ, ಹತ್ತಿತು. ಭಾನುವಾರ ಬಂತೆಂದರೆ ನಂಜನಗೂಡಿನಲ್ಲಿ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋಗುತ್ತೇನೆ. ಅಲ್ಲಿ, ಹಿಂದೆ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಪುಟ್ಟಸ್ವಾಮಿ ಮೇಷ್ಟ್ರು ತಮ್ಮ ಮನೆಯ ಹಜಾರದಲ್ಲಿ ಪಾಠ ಹೇಳುತ್ತಾರೆ. ನನ್ನ ಸಹಪಾಠಿಗಳೆಲ್ಲ ಐದನೇ ಕ್ಲಾಸು, ಆರನೇ ಕ್ಲಾಸಿನವರು. ಗಿಟಾರಿನ ಕತ್ತಿನ ಮೇಲೆ ಆರು ತಂತಿ, ಅಡ್ಡಲಾಗಿ ಫ್ರೆಟ್ಟೆಂಬ ಲೋಹದ ಪಟ್ಟಿಗಳು. ಯಾವ ತಂತಿಯನ್ನು ಎಷ್ಟನೇ ಫ್ರೆಟ್ಟಿನಲ್ಲಿ ಒತ್ತಿದರೆ ಎ, ಬಿ, ಸಿಯಿಂದ ಜಿ ತನಕದ ಯಾವ ಸ್ವರ ಎಂದು ಬಾಯಿಪಾಠ ಒಪ್ಪಿಸಿದವರಿಗೆ ಮಾತ್ರ ಮೊದಲ ಹಾಡು. ಮಕ್ಕಳು ಒಪ್ಪಿಸಿ ಹಾಡಿಗೆ ಹೋದರು. ನಾನು ಎರಡು ಸಲ ಫೇಲಾಗಿ ಬಾಗಿಲ ಬಳಿಯೇ ಉಳಿದೆ. ಅವರು ಹಾಡು ಶುರುಮಾಡಿದಾಗ ನಿಜಕ್ಕೂ ಹೊಟ್ಟೆ ಉರಿಯುತ್ತಿತ್ತು. “ಈ ಸಲ ಒಪ್ಪಿಸ್ದಿದ್ರೆ ಬುಟ್ಬುಡಿ ಸಾ, ಯಾಕೆ ಸುಮ್ನೆ ತಲೆ ಕೆಡಿಸ್ಕತೀರಿ” ಎಂದರು ಮೇಷ್ಟ್ರು.

ಆಗ ಹೊಳೆದದ್ದು ಲೇಬಲ್ಲು. ಸರೋಜಳ ಸ್ಟಿಕ್ಕರ್ ಬೊಟ್ಟಿನ ಹಾಳೆಗಳನ್ನೆಲ್ಲ ಇಸಿದುಕೊಂಡು, ಮೇಷ್ಟ್ರು ಬರೆದುಕೊಟ್ಟಿದ್ದ ಸ್ವರಗಳ ಪಟ್ಟಿ ನೋಡಿಕೊಂಡು ಸ್ವರಕ್ಕೊಂದು ಬಣ್ಣದಂತೆ ಮೊದಲ ಐದು ಫ್ರೆಟ್ಟುಗಳಲ್ಲಿ ಅಂಟಿಸಿದೆ. ಮೆರೂನ್ ಎಂದರೆ ಎ, ಹಸಿರು ಎಂದರೆ ಸಿ, ಹೀಗೆ. ಒಂದು ತಿಂಗಳು ದಿನಾ ಸಂಜೆ ಬೊಟ್ಟು ನೋಡಿ ಮೀಟುವುದು, ಹೆಸರು ಕೂಗುವುದು. ಆಮೇಲೆ ಗಿಟಾರನ್ನು ಕೋಣೆಯ ಕನ್ನಡಿಯ ಪಕ್ಕದ ಮೊಳೆಗೆ ನೇತುಹಾಕುವುದು.

ಪರೀಕ್ಷೆಯ ದಿನ ಮೇಷ್ಟ್ರು ಬೊಟ್ಟಿಲ್ಲದ ತಮ್ಮ ಗಿಟಾರು ಕೊಟ್ಟರು. ನಾನು ಪಟಪಟನೆ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಮೊದ್ಲು ಅರ್ಧನಾದ್ರೂ ಸರಿ ಹೇಳ್ತಿದ್ರಿ ಸಾ, ಈಗ ಅದೂ ಓಯ್ತು. ಆದ್ರೆ ಒಂದ್ಕಡೆನೂ ತಡವರಿಸ್ಲಿಲ್ಲ ಬುಡಿ.” ಮಕ್ಕಳು ನಗಲಿಲ್ಲ, ನಕ್ಕಿದ್ದರೆ ವಾಸಿಯಾಗಿತ್ತು. ಬಸ್ಸು ಸುತ್ತೂರು ದಾಟುವ ತನಕ ಬೆರಳು ಮಡಚಿ ಮಡಚಿ ನೆನೆಸಿಕೊಂಡೆ. ಒಂದು ತಪ್ಪೂ ಸಿಗಲಿಲ್ಲ.

ಮನೆ ತಲುಪಿದಾಗ ಸರೋಜ ಕಳಲೆಯಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿ ಆಗಷ್ಟೇ ಬಂದಿದ್ದಳು. ನನ್ನ ಕಣ್ಣೆದುರೇ ಹಣೆಯ ಮೆರೂನ್ ಬೊಟ್ಟು ಕಿತ್ತು, ಮೊಳೆಯಲ್ಲಿ ನೇತಾಡುತ್ತಿದ್ದ ನನ್ನ ಗಿಟಾರಿನ ಕತ್ತಿನಲ್ಲಿ ಕೈಗೆ ಸಿಕ್ಕ ಜಾಗಕ್ಕೆ ಒತ್ತಿದಳು. ನಮ್ಮ ಮನೆಯ ಕನ್ನಡಿ, ಬಚ್ಚಲ ಟೈಲ್ಸು, ಬೀರುವಿನ ಬಾಗಿಲು ಎಲ್ಲದರ ಮೇಲೂ ಮದುವೆಯಾದಾಗಿನಿಂದ ಹೀಗೆ ಬೊಟ್ಟುಗಳಿವೆ. ಗಿಟಾರಿಗೂ ಅದೇ ಗತಿಯೆಂದು ನನಗೆ ಹೊಳೆದಿರಲಿಲ್ಲ.

“ಇದೇನೇ ಇದು?” ಎಂದೆ.

“ಸೀರೆಗೆ ಮ್ಯಾಚಾಯ್ತದೆ ಅಂತ ತಕ್ಕಂಡಿದ್ದೆ. ಹಾಳೇಲಿದ್ದವೆಲ್ಲ ನೀವೇ ಖಾಲಿ ಮಾಡಿದ್ರಲ್ಲ. ಅವತ್ತಿಂದ್ಲೂ ದಿನಕ್ಕೊಂದು ಬಣ್ಣದ್ದು ಇದ್ರಲ್ಲೇ ತಕ್ಕಂಡು ಇದ್ರಲ್ಲೇ ಮಡಗ್ತಿವ್ನಿ.”

ನಾನು ಕೂಗಾಡಿದೆ. ತಿಂಗಳಿಡೀ ಸ್ವರಗಳ ಜಾಗ ಅದಲುಬದಲಾಗಿದ್ದಕ್ಕೂ, ಮೂರನೇ ಸಲ ಫೇಲಾದದ್ದಕ್ಕೂ ಅವಳೇ ಕಾರಣ ಎಂದೆ. ಅವಳು ಮುಖ ತೊಳೆದು ಬಂದು ಸಮಾಧಾನವಾಗಿಯೇ ಕೇಳಿದಳು: “ಬೊಟ್ಟಿನ ಜಾಗ ಬದ್ಲಾದ್ರೆ ಸದ್ದೂ ಬದ್ಲಾಯ್ತದಲ್ರೀ, ನಿಮ್ಗೆ ಗೊತ್ತಾಗ್ಲಿಲ್ವಾ? ನಂಗೆ ಒಲೆ ಮುಂದೆ ನಿಂತಿದ್ರೂ ಗೊತ್ತಾಯ್ತಿತ್ತು. ನೆನ್ನೆ ಎ ಅಂತ ಕೂಗ್ದಾಗ ಒಂದು ಸದ್ದು, ಇವತ್ತು ಎ ಅಂದಾಗ ಇನ್ನೊಂದು. ಹೊಸ ಪಾಠ ಏನೋ ಅಂದ್ಕಂಡೆ.”

ತಿಂಗಳಿಡೀ ನಾನು ಗಿಟಾರನ್ನು ಬರೀ ನೋಡುತ್ತಿದ್ದೆನೇ ಹೊರತು ಒಂದು ದಿನವೂ ಕೇಳಿರಲಿಲ್ಲ.

ಮೇಷ್ಟ್ರು ಕೊನೆಯದೆಂದು ಇನ್ನೊಂದು ಭಾನುವಾರ ಕೊಟ್ಟಿದ್ದಾರೆ. ಬೊಟ್ಟುಗಳನ್ನು ಕಿತ್ತು, ಪಟ್ಟಿ ನೋಡಿಕೊಂಡು ಎಲ್ಲ ಸ್ವರಗಳನ್ನೂ ಒಂದು ಸಲ ಸರಿಯಾಗಿ ಹೆಸರು ಹೇಳಿ ಮೀಟಿದೆ, ಸರೋಜ ಕೇಳಿಸಿಕೊಂಡಳು. ಈಗ ನಾನು ಪಟ್ಟಿ ನೋಡದೆ ಹೆಸರು ಹೇಳಿ ಮೀಟುತ್ತೇನೆ, ಸರೋಜ ಅಡುಗೆಮನೆಯಿಂದಲೇ “ಊಹೂಂ, ಅದಲ್ಲ” ಎನ್ನುತ್ತಾಳೆ. ಮೇಷ್ಟ್ರು ಕೊಟ್ಟ ಪಟ್ಟಿ ತೆಗೆದು ನೋಡಿದರೆ ಅವಳು ಹೇಳಿದ್ದೇ ಸರಿಯಾಗಿರುತ್ತದೆ. ನಿನ್ನೆ, “ಬಸ್ಸು ಹೆಂಗೂ ಹೆಂಗಸ್ರಿಗೆ ಫ್ರೀ, ಈ ಭಾನ್ವಾರ ನಾನೂ ಬರ್ಲಾ?” ಎಂದಳು. ಮೇಷ್ಟ್ರ ಹಜಾರದಲ್ಲಿ ಕೂರಲು ಜಾಗವಿಲ್ಲ ಎಂದುಬಿಟ್ಟೆ. ಜಾಗ ಬೇಕಾದಷ್ಟಿದೆ. ಅವಳು ಬಂದು ಕೂತರೆ ನನಗಿಂತ ಮೊದಲು ಹಾಡಿಗೆ ಹೋಗಿಬಿಡುತ್ತಾಳೆ.