ಆಂಜನೇಯನ ಹಿಂದಿನ ಮಂತ್ರಿ

ದೊಡ್ಡ ಮನುಷ್ಯ ಯಾರಾದರೂ ಹೆಂಗಸಿನ ವಿಷಯದಲ್ಲಿ ಸಿಕ್ಕಿಬಿದ್ದರೆ ಮೊದಲು ಪತ್ರಿಕೆಯವರಿಗೆ ಕೆಲಸ, ಆಮೇಲೆ ನನ್ನಂಥ ಫೋಟೋ ಕಟ್ಟು ಹಾಕುವವರಿಗೆ. ಗೋಡೆಯಿಂದ ಇಳಿದವರೆಲ್ಲ ನಮ್ಮ ಅಂಗಡಿಗೇ ಬರಬೇಕು, ಮತ್ತೆ ಗೋಡೆ ಏರುವುದೂ ಇಲ್ಲಿಂದಲೇ. ಅರವತ್ತರ ದಶಕದಲ್ಲಿ ಜಯನಗರದಲ್ಲಿ ಅಂಗಡಿ ಇಟ್ಟುಕೊಂಡು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ನಮ್ಮ ಬೀದಿಗೆ ನಲ್ಲಿ ಬಂದ ವರ್ಷ ನಡೆದದ್ದನ್ನು ನೆನೆದರೆ ಈಗಲೂ ಒಬ್ಬನೇ ಕೂತು ನಗುತ್ತೇನೆ.

ಎಸೀಬೇಡಿ

ಆಗ ನಮ್ಮ ಬೀದಿ ಹೊಸದು. ಮನೆಗಳು ಎದ್ದಿದ್ದವು, ನೀರು ಬಂದಿರಲಿಲ್ಲ. ನನ್ನ ಹೆಂಡತಿಯೂ ಸೇರಿ ಹೆಂಗಸರೆಲ್ಲ ಬಯಲಾಚೆಯ ಬಾವಿಯಿಂದ ಬಿಂದಿಗೆ ಹೊತ್ತು ತರಬೇಕಿತ್ತು. ಪೈಪು ಹಾಕಿಸಿಕೊಡುತ್ತೇನೆಂದು ಮಂತ್ರಿಯೊಬ್ಬರು ಮಾತು ಕೊಟ್ಟಿದ್ದರು. ಅಷ್ಟಕ್ಕೇ ಉಬ್ಬಿಹೋದ ಬಡಾವಣೆಯ ಸಂಘದವರು ಅವರ ಫೋಟೋಗೆ ನನ್ನಿಂದ ದೊಡ್ಡ ಕಟ್ಟು ಹಾಕಿಸಿ ಸಂಘದ ಹಾಲಿನಲ್ಲಿ ನೇತುಹಾಕಿದ್ದರು.

ಅಷ್ಟರಲ್ಲಿ ವಾರಪತ್ರಿಕೆಯೊಂದರಲ್ಲಿ ಚಿತ್ರ ಬಂತು. ಮಂತ್ರಿಗಳು ಒಂದು ಮನೆಯ ಹಿತ್ತಲ ಬಾಗಿಲಿನಿಂದ ಹೊರಗೆ ಬರುತ್ತಿದ್ದಾರೆ. ಬಾಗಿಲಲ್ಲಿ ನಾಟಕದ ಕಂಪನಿಯ ನಟಿಯೊಬ್ಬರು ನಿಂತಿದ್ದಾರೆ, ಮಂತ್ರಿಗಳ ಶಲ್ಯ ಆಕೆಯ ಕೈಯಲ್ಲಿದೆ. ಬೆಂಗಳೂರಿಗೆ ಬೆಂಗಳೂರೇ ಕುದಿಯಿತು. ಮಂತ್ರಿಗಳು ರಾಜೀನಾಮೆ ಕೊಟ್ಟರು.

ಮಾರನೆಯ ದಿನ ಸಂಘದ ಅಧ್ಯಕ್ಷರು ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. ರಿಟೈರಾದ ಹೆಡ್ ಮಾಸ್ಟರು, ಬಹಳ ಶಿಸ್ತಿನವರು.

"ಇದನ್ನ ಕಿತ್ತುಹಾಕಿ. ನಮ್ಮ ಹೆಣ್ಮಕ್ಕಳು ಭಜನೆ ಮಾಡೋ ಜಾಗ. ಇದೇ ಕಟ್ಟಿಗೆ ಆಂಜನೇಯನ್ನ ಹಾಕಿ. ಬ್ರಹ್ಮಚಾರಿ, ಯೋಚನೆ ಇಲ್ಲ."

ಮೊಳೆ ಕಿತ್ತು ಮಂತ್ರಿಗಳನ್ನು ಈಚೆ ತೆಗೆದು ಕಸದ ಕಡೆ ಚಾಚಿದೆ. ಅಧ್ಯಕ್ಷರು ನನ್ನ ಕೈ ಹಿಡಿದುಕೊಂಡರು.

"ಎಸೀಬೇಡಿ. ಆಂಜನೇಯನ ಹಿಂದೆ ಇರ್ಲಿ. ರಟ್ಟಿನ ಬದಲು ಆಗುತ್ತೆ."

"ರಟ್ಟಿಗೇನು ಸಾರ್, ನಾನೇ ಹಾಕ್ತೀನಿ."

ಅವರು ಅತ್ತಿತ್ತ ನೋಡಿ ದನಿ ಇಳಿಸಿದರು. "ಇನ್ನೂ ಪೈಪು ಬಂದಿಲ್ಲ ಕಣ್ರೀ."

ಸಾಕ್ಷಿ

ಆ ಭಾನುವಾರ ಖಂಡನಾ ಸಭೆ ಇಟ್ಟರು. ಸಂಘದ ಖಜಾಂಚಿ ವಾರಪತ್ರಿಕೆಯ ಆ ಹಾಳೆಯನ್ನು ನನ್ನ ಹತ್ತಿರ ತಂದು, ಗಾಜು ಹಾಕಿ ಕಟ್ಟು ಮಾಡಿಕೊಡಿ ಎಂದರು.

"ಇದಕ್ಕೂ ಕಟ್ಟಾ ಸಾರ್?"

"ಸಾಕ್ಷಿ ಅಲ್ವೇನ್ರೀ? ಎಲ್ರೂ ಮುಟ್ಟಿ ಮುಟ್ಟಿ ಹರಿದುಹೋಗ್ತಿದೆ."

ಸಭೆಯಲ್ಲಿ ಅಧ್ಯಕ್ಷರು, ಮರ್ಯಾದಸ್ಥರು ಕಣ್ಣೆತ್ತಿ ನೋಡುವಂಥದ್ದಲ್ಲ ಇದು ಎಂದು ಗುಡುಗಿದರು. ಆಮೇಲೆ ಮರ್ಯಾದಸ್ಥರೆಲ್ಲ ಸಾಲಾಗಿ ನಿಂತು ನೋಡಿದರು. ಒಬ್ಬರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು.

ಸಾಕ್ಷಿ ಯಾರ ಮನೆಯಲ್ಲಿರಬೇಕು ಎಂಬಲ್ಲಿ ಜಗಳ ಹತ್ತಿಕೊಂಡಿತು. ಒಬ್ಬರು ನಮ್ಮನೇಲಿ ಬೀಗದ ಬೀರು ಇದೆ ಎಂದರು. ಇನ್ನೊಬ್ಬರು ನಮ್ಮಾಕೆ ತೌರಿಗೆ ಹೋಗಿದ್ದಾಳೆ, ಯಾರ ಕಣ್ಣಿಗೂ ಬೀಳಲ್ಲ ಎಂದರು. ಅಧ್ಯಕ್ಷರು ಮೇಜು ಕುಟ್ಟಿ, ಇಂಥ ಹೇಸಿಗೆಯನ್ನು ಬೇರೆಯವರ ಮನೆಗೆ ಕಳಿಸಲು ನನಗೆ ಮನಸ್ಸಿಲ್ಲ ಎಂದು ತಾವೇ ಕಂಕುಳಲ್ಲಿ ಇಟ್ಟುಕೊಂಡು ಹೊರಟರು.

ಈ ಗಲಾಟೆಯಲ್ಲಿ ಮಂತ್ರಿಗಳನ್ನು ಖಂಡಿಸುವ ಠರಾವು ಮಾಡುವುದನ್ನೇ ಮರೆತಿದ್ದರು. ನಮ್ಮ ನಲ್ಲಿಯ ಪುಣ್ಯ.

ದಾರಿ ಕೇಳಿದವರು

ಆ ನಟಿಯ ಮನೆ ಬನಶಂಕರಿ ಗುಡಿಯ ರಸ್ತೆಯಲ್ಲೇ ಇತ್ತು, ಗುಡಿ ದಾಟಿ ಸ್ವಲ್ಪ ಮುಂದೆ. ಸುದ್ದಿ ಹಬ್ಬಿದ್ದೇ ತಡ, ನಮ್ಮ ಬೀದಿಯ ಗಂಡಸರಿಗೆಲ್ಲ ಭಕ್ತಿ ಉಕ್ಕಿತು. ಹೆಂಡತಿ ಗುಡಿಗೆ ಕರೆದರೆ ಮೈಕೈ ನೋವು ಎನ್ನುತ್ತಿದ್ದವರು ಸೈಕಲ್ ತುಳಿದುಕೊಂಡು ದಿನಾ ಹೊರಟರು.

ಒಂದು ಸಂಜೆ ಗಾಜು ತರಲು ನಾನೂ ಆ ಕಡೆ ಹೋಗಿದ್ದೆ. ಆ ಕಡೆ ಗಾಜಿನ ಅಂಗಡಿ ಇರಲಿಲ್ಲ, ಅದು ಬೇರೆ ಮಾತು. ಮನೆಯ ಎದುರಿಗೆ ಜನ ಮರಗಳನ್ನು ನೋಡುತ್ತಾ ನಿಂತಿದ್ದರು. ನಟಿ ಬಾಗಿಲು ತೆರೆದು ಹೊರಗೆ ಬಂದರು. ಸಾದಾ ಹತ್ತಿ ಸೀರೆ, ಕೈಯಲ್ಲಿ ಅಕ್ಕಿ ಆರಿಸುತ್ತಿದ್ದ ಮೊರ. ಮುಂದೆ ನಿಂತಿದ್ದವರನ್ನು, "ಯಾರು ಬೇಕಿತ್ತು?" ಎಂದು ಕೇಳಿದರು.

ಮುಂದೆ ನಿಂತಿದ್ದವರು ನಮ್ಮ ಅಧ್ಯಕ್ಷರು. "ಬನಶಂಕರಿ ಗುಡಿಗೆ ದಾರಿ ಕೇಳೋಣ ಅಂತ, ತಾಯಿ."

"ನಿನ್ನೆ ಹೇಳಿದ ಜಾಗದಲ್ಲೇ ಇದೆ ಸಾರ್," ಎಂದು ಆಕೆ ಒಳಗೆ ಹೋದರು.

ಊರೆಲ್ಲ ಬೈಯುತ್ತಿದ್ದ ಆ ಹೆಂಗಸಿನ ಮೇಲೆ ನನಗೆ ಅವತ್ತು ಗೌರವ ಹುಟ್ಟಿತು. ಅಧ್ಯಕ್ಷರಂತೂ ಗುಡಿಯ ಕಡೆ ಓಡಿದರು, ದಾರಿ ಕೇಳದೆಯೇ.

ಶನಿವಾರದ ನೀರು

ಕೆಲವು ತಿಂಗಳಲ್ಲಿ ಕಾವು ಇಳಿಯಿತು. ಮಂತ್ರಿಗಳು ಮತ್ತೆ ಮಂತ್ರಿಗಳಾದರು, ಪೈಪೂ ಬಂತು. ಶನಿವಾರ ಅವರೇ ಬಂದು ನಲ್ಲಿ ತಿರುಗಿಸುತ್ತಾರೆ, ಆಮೇಲೆ ಸಂಘದ ಹಾಲಿನಲ್ಲಿ ಕೂತು ಕಾಫಿ ಎಂದು ಗೊತ್ತಾಯಿತು. ಅಧ್ಯಕ್ಷರು ನನ್ನನ್ನು ಇಕ್ಕಳದ ಸಮೇತ ಹಾಲಿಗೆ ಎಳೆದೊಯ್ದರು.

ಅಲ್ಲಿ ಭಜನೆಯ ಹೆಂಗಸರು ಕೂತಿದ್ದರು. ಆಂಜನೇಯನಿಗೆ ಕುಂಕುಮ, ತುಳಸಿ ಹಾರ. ಅಧ್ಯಕ್ಷರ ಹೆಂಡತಿ ಎದ್ದು ಅಡ್ಡ ನಿಂತರು.

"ಇಷ್ಟು ದಿನ ಪೂಜೆ ಮಾಡಿರೋ ದೇವರನ್ನ ಬಿಚ್ಚಿ, ಒಳಗಿರೋ ಅವರನ್ನ ಈಚೆ ತೆಗೀತೀರಾ?"

"ನೀರು ಬೇಡ್ವೇನೆ ನಿಂಗೆ?"

"ಇಷ್ಟು ದಿನ ನೀರು ಹೊತ್ತೋಳು ನಾನು. ನೀವಲ್ಲ."

ನಾನು ಇಕ್ಕಳ ಜೇಬಿಗೆ ಹಾಕಿಕೊಂಡೆ.

ಶನಿವಾರ ಮಂತ್ರಿಗಳು, ಕಾಫಿ ಮೊದಲು ಆಗಿಬಿಡಲಿ ಎಂದು ನೇರ ಹಾಲಿಗೇ ಬಂದರು. ನಲ್ಲಿ ಇನ್ನೂ ತಿರುಗಿಸಿರಲಿಲ್ಲ. ಗೋಡೆ ನೋಡಿ, "ಇಲ್ಲಿ ನನ್ನ ಫೋಟೋ ಇತ್ತಲ್ಲ?" ಎಂದರು. ಅಧ್ಯಕ್ಷರ ಮುಖ ಬಿಳುಚಿತು. ಹೊರಗೆ ಬಿಂದಿಗೆ ಸಾಲು ಇಟ್ಟುಕೊಂಡು ನನ್ನ ಹೆಂಡತಿ ಕಾಯುತ್ತಿದ್ದಳು.

ಅಧ್ಯಕ್ಷರ ಹೆಂಡತಿಯೇ ಹೇಳಿದರು. "ಈಗಲೂ ಇದೆ ಸ್ವಾಮಿ. ಆಂಜನೇಯನ ಹಿಂದೆ. ದಿನಾ ಆರತಿ ನಿಮಗೂ ಆಗ್ತಿದೆ."

ಮಂತ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕು, ಚಪ್ಪಲಿ ಬಿಟ್ಟು ಕೈಮುಗಿದರು. ಹೊರಗೆ ಹೋಗಿ ನಲ್ಲಿ ತಿರುಗಿಸಿದರು. ಮೊದಲು ಕೆಸರು ಬಂತು, ಆಮೇಲೆ ತಿಳಿನೀರು. ನನ್ನ ಹೆಂಡತಿ ಬಿಂದಿಗೆ ತುಂಬಿದ ಮೇಲೂ ಸ್ವಲ್ಪ ಹೊತ್ತು ನೀರು ನೋಡುತ್ತಾ ನಿಂತಿದ್ದಳು. ನನಗೆ ಬಹಳ ಸಂತೋಷವಾಯಿತು.

ಮುಂದಿನ ವಾರ ಮಂತ್ರಿಗಳ ಡ್ರೈವರ್ ನನ್ನ ಅಂಗಡಿಗೆ ಬಂದ. ಸಾಹೇಬರು ಊಟಕ್ಕೆ ಕೂತಾಗ ಹೆಂಡತಿಗೆ ಈ ಕಥೆ ಹೇಳಿ ಬಹಳ ನಕ್ಕರಂತೆ. ಅವರ ಹೆಂಡತಿ ನಗಲಿಲ್ಲವಂತೆ, ಕಟ್ಟು ಹಾಕಿದವನ ಅಂಗಡಿ ಎಲ್ಲಿ ಎಂದಷ್ಟೇ ಕೇಳಿದರಂತೆ. ಡ್ರೈವರ್ ಬಟ್ಟೆಯ ಗಂಟು ಬಿಚ್ಚಿದ. ಮಂತ್ರಿಗಳ ಮದುವೆಯ ಫೋಟೋ, ದಂಪತಿ ಜೊತೆಯಲ್ಲಿ ನಿಂತದ್ದು.

"ಅಮ್ಮಾವ್ರು ಹಂಗೇ ಇರ್ಬೇಕಂತೆ. ಸಾಹೇಬ್ರ ಮೇಲೆ ಮಾತ್ರ ಆಂಜನೇಯನ್ನ ಅಂಟಿಸ್ಬೇಕಂತೆ."

"ಅಯ್ಯೋ, ಆಂಜನೇಯ ಬ್ರಹ್ಮಚಾರಿ ಕಣಪ್ಪ. ಹೆಂಗಸರ ಪಕ್ಕ ಹ್ಯಾಗೆ ನಿಲ್ಲಿಸೋದು? ಬೇಕಾದ್ರೆ ಕೃಷ್ಣನ್ನ ಹಾಕ್ತೀನಿ."

"ನಾನೂ ಅದನ್ನೇ ಕೇಳ್ದೆ ಸಾರ್," ಎಂದ ಡ್ರೈವರ್. "ಕೃಷ್ಣ ಬೇಡವೇ ಬೇಡ ಅಂದ್ರು. ನಂಬಿ ಪಕ್ಕದಲ್ಲಿ ನಿಂತ್ಕೊಳ್ಳೋಕೆ ಆಂಜನೇಯ ಒಬ್ಬನೇ ಸರಿ ಅಂತೆ."